ಅರ್ಜಿಯ ಕೆಳಗಿನ ಹೆಬ್ಬೆಟ್ಟು

ಸರ್ಕಾರಿ ಕಚೇರಿಯೆಂಬುದು ಮನುಷ್ಯನನ್ನು ಬರಿಯ ಸಂಖ್ಯೆಯನ್ನಾಗಿ ಮಾಡುವ ಯಂತ್ರವೆಂದು ನಾವು ದೂರುವುದುಂಟು. ದೂರು ಸುಳ್ಳಲ್ಲ. ಆದರೆ ಅಂಥದೇ ಕಚೇರಿಯ ಒಂದು ಕಾಗದ ಒಮ್ಮೆ ಈ ಜಿಲ್ಲೆಯ ಸಾವಿರಾರು ಒಕ್ಕಲುಗಳ ಮುಂದೆ, ಅವರು ಹಿಂದೆಂದೂ ಕಾಣದಿದ್ದ ಆಯ್ಕೆಯೊಂದನ್ನು ತಂದಿರಿಸಿತು. ಅದೇ ಭೂಸುಧಾರಣೆಯ ಏಳನೆಯ ನಮೂನೆ. ಜನರ ಬಾಯಲ್ಲಿ ‘ಡಿಕ್ಲರೇಷನ್’.

ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲಿಗೆ ಭೂಮಿಯ ಮೇಲೆ ಗಟ್ಟಿಯಾದ ಹಿಡಿತವಿರಲಿಲ್ಲ. ಮುಡಿಯಕ್ಕಿ ಅಳೆಯುವುದು ಅವನ ಕರ್ತವ್ಯ. ಬಿಡಿಸುವುದು, ಇರಿಸುವುದು ಧನಿಗಳ ಚಿತ್ತ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದಾಗಿ, ಗೇಣಿಯ ಭೂಮಿಯೆಲ್ಲ 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿತು. ಆದರೂ ಉಳುವವನು ತಾನಾಗಿ ಅರ್ಜಿ ಸಲ್ಲಿಸದೆ ಒಡೆತನ ದೊರೆಯುವಂತಿರಲಿಲ್ಲ. ಬೇಡುವ ಬಾಯಿಯನ್ನು ಕಾನೂನು ಅವನಿಗೇ ಬಿಟ್ಟಿತ್ತು.

ಇಲ್ಲಿಯೇ ಇಕ್ಕಟ್ಟು. ಮಗಳ ಮದುವೆಗೆ ಸಾಲ ಕೊಟ್ಟವರು ಧನಿಗಳು. ಊರಿನ ದೈವದ ನೇಮದಲ್ಲಿ ಮುಂದೆ ನಿಲ್ಲುವವರೂ ಅವರೇ. ಅಂಥವರ ಎದುರು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಸುಲಭದ ಮಾತಾಗಿರಲಿಲ್ಲ. ಒತ್ತಿದವರೂ ಉಂಟು, ಉಪಕಾರ ನೆನೆದು ಕೈ ಹಿಂದೆಗೆದವರೂ ಉಂಟು, ಹೆದರಿ ಮನೆಯಲ್ಲಿ ಕುಳಿತವರೂ ಉಂಟು. ಕೃತಜ್ಞತೆಯಿಂದ ಬಿಟ್ಟವನು ಸ್ವತಂತ್ರ. ಭಯದಿಂದ ಬಿಟ್ಟವನು ಅಲ್ಲ. ಆದರೆ ಕಡತಕ್ಕೆ ಈ ಭೇದ ತಿಳಿಯದು. ಅದಕ್ಕೆ ಬಾರದ ಅರ್ಜಿಗಳೆಲ್ಲವೂ ಒಂದೇ. 1979ರ ಜೂನ್ 30ಕ್ಕೆ ಗಡುವು ಮುಗಿಯಿತು; ಆ ಮೇಲೆ ಧೈರ್ಯ ಬಂದವನಿಗೆ ಬಾಗಿಲು ಮುಚ್ಚಿತ್ತು.

ಒಂದು ಮಾತನ್ನು ಮಾತ್ರ ಮೆಚ್ಚಲೇಬೇಕು. ತಾಲೂಕುಗಳ ಭೂ ನ್ಯಾಯಮಂಡಳಿಗಳಲ್ಲಿ ಮೊದಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಉತ್ತವನು ತನ್ನ ಉಳುಮೆಯ ಕಥೆಯನ್ನು ತಾನೇ ಹೇಳಬೇಕು. ಅಧಿಕಾರಿ ಕುಳಿತು ಕೇಳಬೇಕು. ಕೇಳಿದ್ದೆಲ್ಲ ನ್ಯಾಯವಾಗಿಯೇ ತೀರ್ಮಾನವಾಯಿತೆಂದು ನಾನು ಹೇಳಲಾರೆ. ಆದರೆ ತಲೆ ತಗ್ಗಿಸಿಯೇ ಅಭ್ಯಾಸವಾಗಿದ್ದವನು ಧನಿಗಳ ಸಮಕ್ಷಮದಲ್ಲಿ ‘ಈ ಗದ್ದೆ ನಾನು ಮಾಡಿದ್ದು’ ಎಂದು ನುಡಿಯುವುದು ಸಣ್ಣ ಸಂಗತಿಯಲ್ಲ.

ನಾನಿರುವ ಬೋಳಾರ ಗದ್ದೆಗಳ ಊರಲ್ಲ. ನೇತ್ರಾವತಿಯ ದಂಡೆಯಲ್ಲಿ ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳಿಂದ ಹೆಸರಾದ ಕೇರಿ. ಕೃಷಿಭೂಮಿಗೆ ಸಂಬಂಧಿಸಿದ ಆ ಕಾನೂನು ಮಂಗಳೂರಿನಲ್ಲಿ ಮೂಲಗೇಣಿಯ ನಿವೇಶನದ ಮೇಲೆ ಮನೆ ಕಟ್ಟಿದವರನ್ನು ಮುಟ್ಟಲಿಲ್ಲ. ಅವರಿಗೆ ಒಡೆತನ ಕೊಡಲೆಂದು ಪ್ರತ್ಯೇಕ ಕಾಯಿದೆ ರೂಪುಗೊಳ್ಳಲು 2011 ಬರಬೇಕಾಯಿತು. ಅಷ್ಟು ವರ್ಷ ಅವರಿಗೆ ತುಂಬುವುದಕ್ಕೆ ನಮೂನೆಯೇ ಇರಲಿಲ್ಲ. ನಮೂನೆ ಇರುವುದು ಕಷ್ಟವೆಂದು ಗೊಣಗುವ ನಾವು, ಇಲ್ಲದಿರುವ ಕಷ್ಟವನ್ನೂ ನೆನೆಯಬೇಕು.

ಆದುದರಿಂದ ಕಾಗದವನ್ನೇ ಹಳಿದು ಫಲವಿಲ್ಲ. ಅದು ಯಾರ ಕೈಯಲ್ಲಿದೆ, ತುಂಬುವವನಿಗೆ ಯೋಚಿಸಲು ಸಮಯವಿದೆಯೇ, ಬೇಡವೆನ್ನುವವನು ಅಂಜದೆ ಹಾಗೆನ್ನಬಲ್ಲನೇ, ಮಾತಾಡುವಾಗ ಕೇಳುವವರಿದ್ದಾರೆಯೇ ಎಂದು ವಿಚಾರಿಸಬೇಕು. ಇಂದು ತಾಲೂಕು ಕಚೇರಿಯ ಸಾಲಿನಲ್ಲಿ ನಿಂತವನ ಸ್ವಾತಂತ್ರ್ಯವೂ ಈ ನಾಲ್ಕು ಪ್ರಶ್ನೆಗಳ ಉತ್ತರದಲ್ಲಿದೆ.