ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಭೋರ್ಗರೆಯುವ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಕೆ.ಆರ್.ನಗರದ ಕಡೆ ಕಾವೇರಿ ಧುಮುಕುವ ಚುಂಚನಕಟ್ಟೆಯ ಜಲಪಾತದಿಂದ ಅದಕ್ಕೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಜಲಪಾತದ ಆಚೀಚೆ ಇದೆ. ಮಳೆಗಾಲ ಕಳೆದು ಕಾವೇರಿ ಸೊರಗಿದಾಗ ಬಂಡೆಗುಳಿಗಳಲ್ಲಿ ಉಳಿಯುವ ತಿಳಿನೀರು, ನಾಲೆಯ ಅಂಚಿನ ಹುಲ್ಲು, ತೂಬಿನ ಬಳಿ ಜಿನುಗಿ ನಿಂತ ಮಡು, ನಾಟಿಯಾದ ಹೊಸತರಲ್ಲಿ ಬಿಸಿಲು ಕಾಣುವ ಭತ್ತದ ಗದ್ದೆ. ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಬಯಲುಸೀಮೆಯ ಸೊಳ್ಳೆ ಇಂಥ ನೀರನ್ನೇ ಹುಡುಕುತ್ತದೆ. ಕಾಡಿನಂಚಿನ ಹೆಗ್ಗಡದೇವನಕೋಟೆಯ ಕಡೆ ಹೋದರೆ ನೆಲ ಬೇರೆ, ನೀರೂ ಬೇರೆ. ತಪ್ಪಲಿನಲ್ಲಿ ನಿಧಾನವಾಗಿ ಹರಿಯುವ ತೊರೆಗಳು ಫ್ಲುವಿಯಾಟಿಲಿಸ್ ಎಂಬ ಮತ್ತೊಂದು ಜಾತಿಯ ತವರು. ಕೆ.ಆರ್.ನಗರದ ಗದ್ದೆಬಯಲಿಗೆ ಒಪ್ಪುವ ಉಪಾಯ ಕೋಟೆಯ ಕಾಡಂಚಿಗೆ ಒಪ್ಪದಿರಲು ಇದೇ ಕಾರಣ. ಈ ಸರಳ ಸತ್ಯವನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ದಶಕಗಳೇ ಹಿಡಿದವು. ಆ ಹುಡುಕಾಟದಲ್ಲಿ ಹಳೇ ಮೈಸೂರು ಸಂಸ್ಥಾನದ ಪಾಲು ದೊಡ್ಡದು.

ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಾವಲಂಬಿ. ಅದನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವರು ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್, 1880ರಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆ ಮತ್ತೆ ಹದಿನೇಳು ವರ್ಷ ಉಳಿಯಿತು. ಬೆಂಗಳೂರಿನಲ್ಲೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ 1897ರ ಬೇಸಿಗೆಯಲ್ಲಿ ಊಟಿಗೆ ಬಂದು, ನೀಲಗಿರಿಯ ಸಿಗೂರು ಘಾಟಿಯಲ್ಲಿ ಸ್ವತಃ ಮಲೇರಿಯಾ ಹಿಡಿಸಿಕೊಂಡರು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಬೆಳೆಯುತ್ತಿದ್ದ ಪರಾವಲಂಬಿ ಅವರ ಕಣ್ಣಿಗೆ ಬಿತ್ತು. ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂಬ ಹಳೆಯ ನಂಬಿಕೆಗೆ ಅಂದಿಗೆ ಆಧಾರ ತಪ್ಪಿತು.

ಸೊಳ್ಳೆಯೇ ಮೂಲವೆಂದು ಗೊತ್ತಾದ ಮೇಲಿನ ಪ್ರಶ್ನೆ: ಯಾವ ಊರಿನಲ್ಲಿ ಯಾವ ಸೊಳ್ಳೆ? ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಈ ಕೆಲಸಕ್ಕೆ ಇಳಿಯಿತು. ಮಲೆನಾಡಿನ ಮೂಡಿಗೆರೆ, ಒಣಸೀಮೆಯ ಹಿರಿಯೂರು, ನೀರಾವರಿಯ ಮಂಡ್ಯ ಹೀಗೆ ಬೇರೆ ಬೇರೆ ಬಗೆಯ ನೆಲದಲ್ಲಿ ಅಧ್ಯಯನ ನಡೆಯಿತು. ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ಆಗಿನ ವೈದ್ಯರಿಗಿದ್ದ ನೆಚ್ಚಿನ ದಾರಿ ಮಕ್ಕಳ ಹೊಟ್ಟೆ ಮುಟ್ಟಿ ನೋಡುವುದು. ಮತ್ತೆ ಮತ್ತೆ ಜ್ವರ ಬಂದ ಮಗುವಿನ ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ. ಹಳ್ಳಿಯವರ ಬಾಯಲ್ಲಿ ಅದು ಜ್ವರಗಡ್ಡೆ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗಡ್ಡೆ ಇದೆ ಎಂಬುದೇ ಆ ಊರಿನ ಮಲೇರಿಯಾದ ಅಳತೆ. ಕೃಷ್ಣರಾಜಸಾಗರದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಗೆ ಅನ್ನ ತಂದಂತೆ ಚಳಿಜ್ವರವನ್ನೂ ತಂದಿತು. ತಪ್ಪು ನೀರಿನದಲ್ಲ. ಹೆಚ್ಚುವರಿ ನೀರು ಬಸಿದು ಹೋಗಲು ದಾರಿ ಮಾಡದೆ ಹಾಯಿಸಿದ ನೀರಾವರಿಯದು.

ಈ ಅಧ್ಯಯನಗಳ ಸಾಲಿನಲ್ಲಿ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ 1937ರಲ್ಲಿ ಪ್ರಕಟಿಸಿದ ಶೋಧ ಇಂದಿಗೂ ಜೀವಂತವಾಗಿದೆ. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆ ಪುಟ್ಟ ದೋಣಿಯಂತಿದ್ದು, ಎರಡೂ ಬದಿಗೆ ಗಾಳಿ ತುಂಬಿದ ತೇಲುಬುರುಡೆಗಳಿರುತ್ತವೆ. ಅವುಗಳ ಮೇಲಿನ ಏಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾ ಹೋದ ಇಬ್ಬರಿಗೂ, ಮೇಲ್ನೋಟಕ್ಕೆ ಒಂದೇ ಎನ್ನಿಸುವ ಸೊಳ್ಳೆಯಲ್ಲಿ ಎರಡು ಬಗೆ ಇರುವುದು ಕಂಡಿತು. ಏಣು ಹೆಚ್ಚಿರುವುದು ಪಟ್ಟಣದ ಬಗೆ, ಕಡಿಮೆ ಇರುವುದು ಹಳ್ಳಿಯ ಬಗೆ. ಹಳ್ಳಿಯದಕ್ಕೆ ಅವರು ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಭಾರತದಲ್ಲಿ ನಗರದ ಬಗೆ ಮಲೇರಿಯಾವನ್ನು ಜೋರಾಗಿ ಹರಡುತ್ತದೆ; ದನಕರುಗಳ ರಕ್ತವನ್ನೇ ಹೆಚ್ಚು ಬಯಸುವ ಮೈಸೊರೆನ್ಸಿಸ್ ಅಷ್ಟು ಅಪಾಯಕಾರಿಯಲ್ಲ. 1987ರಲ್ಲಿ ಭಾರತೀಯ ಸಂಶೋಧಕರು ಇವೆರಡರ ನಡುವಿನ ಮೂರನೆಯ ಬಗೆಯನ್ನೂ ಗುರುತಿಸಿದರು. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡು, ಆಮೇಲೆ ಇಥಿಯೋಪಿಯಾ ಮುಂತಾದ ದೇಶಗಳಿಗೆ ಹಬ್ಬಿದಾಗ, ಬಂದಿರುವುದು ಯಾವ ಬಗೆಯದು ಎಂದು ತಿಳಿಯಬೇಕಾದ ವಿಜ್ಞಾನಿಗಳು ಮೈಸೂರಿನಲ್ಲಿ ಶುರುವಾದ ಈ ವಿಂಗಡಣೆಗೇ ಮರಳಿದರು. ಕನ್ನಡ ನಾಡಿನ ಶಾಲಾ ಪಠ್ಯಗಳಲ್ಲಿ ಈ ಶೋಧಕ್ಕೆ ಒಂದು ಪುಟವಾದರೂ ಸಲ್ಲಬೇಕು.

ರಾವ್ ಅವರ ಹೆಸರಿಗೆ ಅಂಟಿದ ಇನ್ನೊಂದು ಸಂಗತಿ ಮೀನು. 1928ರಲ್ಲಿ ಇಟಲಿಯಿಂದ ಗಾಂಬೂಸಿಯಾ ಮೀನನ್ನು ಭಾರತಕ್ಕೆ ತಂದವರು ಅವರೇ. ಸೊಳ್ಳೆಯ ಮರಿಗಳನ್ನು ನುಂಗುವ ಈ ಪುಟ್ಟ ಮೀನು ಕೆರೆ, ಬಾವಿ, ಕಲ್ಯಾಣಿಗಳನ್ನು ಸೇರಿತು. ಮುಂದೆ ಕೋಲಾರ ಜಿಲ್ಲೆಯ ರೇಷ್ಮೆ ಹಳ್ಳಿಗಳಲ್ಲಿ ಮೀನಿನ ದಾರಿಯೇ ಊರುಗೋಲಾಯಿತು. ಕೀಟನಾಶಕ ಸಿಂಪಡಿಸಿದ ಮನೆಯಲ್ಲಿ ರೇಷ್ಮೆಹುಳು ಬದುಕುವುದಿಲ್ಲವಾದ್ದರಿಂದ, ಅಲ್ಲಿ ಬಾವಿಗಳಿಗೆ ಗಪ್ಪಿ ಎಂಬ ಇನ್ನೊಂದು ಮೀನು ಬಿಟ್ಟು ಮಲೇರಿಯಾ ತಗ್ಗಿಸಿದರು. ಆದರೆ ಗಾಂಬೂಸಿಯಾ ಪರದೇಶದ ಮೀನು. ಹೊಳೆ ಸೇರಿದರೆ ನಾಡಮೀನುಗಳ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಬಾವಿ, ತೊಟ್ಟಿಗಳಿಗೆ ಸರಿ, ಕಾವೇರಿಗೂ ಅದರ ನಾಲೆಗಳಿಗೂ ಬಿಡಬಾರದು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಎಂಬ ಕೀಟನಾಶಕ ಸಾರ್ವಜನಿಕ ಬಳಕೆಗೆ ಬಂತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲಿ 8 ಲಕ್ಷ ಮಂದಿ ಸಾಯುತ್ತಿದ್ದರೆಂಬ ಅಂದಾಜಿದೆ. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದವು. ಅರವತ್ತರ ದಶಕದ ನಡುವೆ ಪ್ರಕರಣಗಳು 1 ಲಕ್ಷದ ಆಸುಪಾಸಿಗೆ ಇಳಿದವು. ಗೆದ್ದೆವೆಂದು ಕೈ ಸಡಿಲಿಸಿದ್ದು, ಸೊಳ್ಳೆಗಳು ಡಿಡಿಟಿಗೆ ಜಗ್ಗದಾದದ್ದು ಎರಡೂ ಸೇರಿ 1976ರಲ್ಲಿ ಸಂಖ್ಯೆ 64 ಲಕ್ಷಕ್ಕೆ ಏರಿತು. ಆ ಪೆಟ್ಟಿನ ನಂತರವೇ ಸೊಳ್ಳೆಗಳ ಸ್ವಭಾವವನ್ನು ಮತ್ತೆ ಆಳವಾಗಿ ನೋಡುವ ಕೆಲಸಕ್ಕೆ ಬಲ ಬಂತು. ಕ್ಯುಲಿಸಿಫೇಸಿಸ್ ಕೂಡ ಒಂದೇ ಜಾತಿಯಲ್ಲ, ಐದು ಸೋದರ ಜಾತಿಗಳ ಗುಂಪು ಎಂದು ವರ್ಣತಂತುಗಳ ಅಧ್ಯಯನ ತೋರಿಸಿತು. ಅವುಗಳಲ್ಲಿ ಒಂದು ರೋಗವನ್ನು ಅಷ್ಟಾಗಿ ಹರಡುವುದೇ ಇಲ್ಲ.

ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಲ್ಲಿ ಮಲೇರಿಯಾ ಬಿಟ್ಟು ಹೋದ ಗುರುತು ಇನ್ನೂ ಹಳೆಯದು. ಅದು ರಕ್ತದಲ್ಲೇ ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ದೋಷ ತಾಯಿ ತಂದೆಯರಲ್ಲಿ ಒಬ್ಬರಿಂದಷ್ಟೇ ಬಂದ ಮಗುವನ್ನು ಮಾರಕ ಫಾಲ್ಸಿಪಾರಂ ಮಲೇರಿಯಾ ಸುಲಭವಾಗಿ ಕೊಲ್ಲಲಾರದು. ಆಫ್ರಿಕಾದಲ್ಲಿ ಅಧ್ಯಯನ ಮಾಡಿದ ಆಂಟನಿ ಆಲಿಸನ್ 1954ರಲ್ಲಿ ಇದನ್ನು ತೋರಿಸಿಕೊಟ್ಟರು. ಮಲೇರಿಯಾ ತಲೆಮಾರುಗಟ್ಟಲೆ ಕಾಡಿದ ನಾಡುಗಳಲ್ಲಿ ಈ ದೋಷ ಉಳಿದು ಬೆಳೆದದ್ದು ಹೀಗೆ. ಆದರೆ ಇಬ್ಬರಿಂದಲೂ ಬಂದರೆ ಜೀವನವಿಡೀ ಕೀಲುನೋವು, ರಕ್ತಹೀನತೆ, ಅಕಾಲ ಮರಣ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನೀಲಗಿರಿ ಕೋಟೆಯ ಕಾಡಿಗೆ ನೆರೆಯೇ. 1984ರಲ್ಲಿ ಹುಟ್ಟಿ, ತಾಲ್ಲೂಕಿನ ಆದಿವಾಸಿಗಳ ನಡುವೆ ದುಡಿಯುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಕೆಲಸಗಳಲ್ಲಿ ಸಿಕಲ್ ಸೆಲ್ ತಪಾಸಣೆ ಮತ್ತು ಆರೈಕೆಯೂ ಸೇರಿದೆ. 2023ರ ಜುಲೈಯಲ್ಲಿ ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನವೂ ಶುರುವಾಯಿತು. ಮಲೇರಿಯಾ ತಗ್ಗಿದ ಮೇಲೂ ಅದರ ಸಾಲವನ್ನು ತೀರಿಸುತ್ತಿರುವವರು ಕಾಡಿನ ಮಕ್ಕಳು.

ಇದೇ ಕಾಡುಪಟ್ಟಿಗೆ ಬಂದ ಇನ್ನೊಂದು ರೋಗ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಹಚ್ಚಿದರು. ಹರಡುವುದು ಉಣುಗು; ಸೌದೆ, ತರಗೆಲೆಗೆ ಕಾಡಿಗೆ ಹೋದವರಿಗೆ ಅದು ಹತ್ತುತ್ತದೆ. ದಶಕಗಳ ಕಾಲ ಮಲೆನಾಡಿನ ಕಾಯಿಲೆಯೆಂದೇ ತಿಳಿದಿದ್ದ ಇದು 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು, ನಂತರ ವಯನಾಡಿನಲ್ಲೂ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಎಚ್ಚರ ಈಗ ಕೋಟೆಯ ಹಾಡಿಗಳಿಗೂ ಬೇಕು.

ಮತ್ತೆ ಮಲೇರಿಯಾಕ್ಕೆ ಬಂದರೆ, ಅದರ ಚಿಕಿತ್ಸೆಗೆ ಹಿಂದೆ ನೀಲಗಿರಿಯ ಸಿಂಕೋನಾ ತೊಗಟೆಯ ಕ್ವಿನೈನ್ ಇತ್ತು, ಆಮೇಲೆ ಕ್ಲೋರೋಕ್ವಿನ್. ಫಾಲ್ಸಿಪಾರಂ ಕ್ಲೋರೋಕ್ವಿನ್‌ಗೆ ಬಗ್ಗದಾದ ಮೇಲೆ ಚೀನಾದ ಮಾಚಿಪತ್ರೆ ಜಾತಿಯ ಗಿಡದಿಂದ ತೂ ಯೂಯೂ ಅವರ ತಂಡ ಪಡೆದ ಆರ್ಟೆಮಿಸಿನಿನ್ ಕೈಹಿಡಿಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಫಾಲ್ಸಿಪಾರಂಗೆ ಆರ್ಟೆಮಿಸಿನಿನ್ ಬೆರೆತ ಮೂರು ದಿನದ ಮಾತ್ರೆಗಳಿವೆ. ಮಕ್ಕಳಿಗೆ ಲಸಿಕೆಯೂ ಬಂದಿದೆ: 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಲಸಿಕೆ ತಯಾರಾಗುವುದು ಪುಣೆಯಲ್ಲಿ.

ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಕೊಲ್ಲುವುದು ಕಡಿಮೆ, ಕಾಡುವುದು ಹೆಚ್ಚು. ಅದರ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕುಳಿತು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೊಸ ಕಚ್ಚಿನ ಹಂಗಿಲ್ಲದೆ ಮತ್ತೆ ಜ್ವರ ಎಬ್ಬಿಸುತ್ತದೆ. ಅಡಗಿದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಗರ್ಭಿಣಿಯರಿಗೂ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೂ ಇದು ಅಪಾಯ, ಆದ್ದರಿಂದ ವೈದ್ಯರನ್ನು ಕೇಳದೆ ಕೊಳ್ಳಬಾರದು. ಉಳಿದವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಡುವುದು. ಚಳಿಯೊಡನೆ ಜ್ವರ ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಉಚಿತ, ಮಾತ್ರೆಯೂ ಉಚಿತ. ವೈವಾಕ್ಸ್ ಎಂದು ಬರೆದುಕೊಟ್ಟರೆ ಹದಿನಾಲ್ಕೂ ದಿನದ ಮಾತ್ರೆ ಮುಗಿಸಿ.