ಅರಿಶಿನದಲ್ಲಿ ಆಲ್ಕೋಹಾಲ್ ಇದೆಯೇ?

ಪಿಯುಸಿ ಓದುವ ಮೊಮ್ಮಗಳು ಅರಿಶಿನದ ಕರ್ಕ್ಯುಮಿನ್ ಅಣುವಿನ ಚಿತ್ರ ಬರೆದು, ‘ಇಲ್ಲಿ ಎರಡು ಓಎಚ್ ಇದೆ ನೋಡಜ್ಜಿ, ಅಂದ್ರೆ ಅರಿಶಿನದಲ್ಲಿ ಆಲ್ಕೋಹಾಲ್ ಇದೆ’ ಎಂದಳಂತೆ. ಮಡಿಯ ಅಜ್ಜಿ ಕಂಗಾಲು. ನಿಜವೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಅಜ್ಜಿ ನಿಶ್ಚಿಂತೆಯಿಂದ ಒಗ್ಗರಣೆ ಹಾಕಲಿ. ಹುಡುಗಿಯನ್ನೂ ಬೈಯಬೇಡಿ; ಸಾವಯವ ರಸಾಯನಕ್ಕೆ ಕಾಲಿಟ್ಟವರೆಲ್ಲ ಒಮ್ಮೆ ಜಾರುವ ಮೆಟ್ಟಿಲು ಇದು. ಕ್ರಿಯಾಗುಂಪನ್ನು ಗುರುತಿಸುವಾಗ ಅದರ ಅಕ್ಷರ ಓದಿದರೆ ಸಾಲದು, ಅದು ಯಾರ ಮನೆ ಬಾಗಿಲಲ್ಲಿ ನಿಂತಿದೆ ಎಂದೂ ನೋಡಬೇಕು. ಸರಪಳಿಯ ಸಾಧಾರಣ ಕಾರ್ಬನ್ನಿಗೆ ಅಂಟಿದ ಓಎಚ್ ಆಲ್ಕೋಹಾಲ್. ಅದೇ ಓಎಚ್ ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿದರೆ ಫೀನಾಲ್. ಕರ್ಕ್ಯುಮಿನ್ನಿನ ಎರಡು ತುದಿಗಳಲ್ಲಿರುವುದು ಫೀನಾಲ್.

ಸಾಕ್ಷಿ ಬೇಕೆ? ಸುಣ್ಣ ತನ್ನಿ. ಆಲ್ಕೋಹಾಲ್ ತನ್ನ ಹೈಡ್ರೋಜನ್ನನ್ನು ಸುಣ್ಣಕ್ಕೆ ಸುಲಭವಾಗಿ ಬಿಟ್ಟುಕೊಡದು, ಫೀನಾಲ್ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಉಳಿದ ಋಣಾವೇಶ ಉಂಗುರದಾಚೆಗೂ ಹರಡಿಕೊಂಡು, ಅಣು ಹೀರುವ ಬೆಳಕೇ ಬದಲಾಗುತ್ತದೆ. ಹಳದಿ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಇದೇ. ಸಾರು ಚೆಲ್ಲಿದ ಬಿಳಿ ಪಂಚೆಗೆ ಬಾರ್ ಸೋಪು ಉಜ್ಜಿದಾಗ ಕಲೆ ಧಿಗ್ಗನೆ ಕೆಂಪೇರಿ ನನ್ನನ್ನು ಹೆದರಿಸಿದ್ದೂ ಇದೇ. ಓಕುಳಿಗೆ ನಿಂಬೆರಸ ಹಿಂಡಿ, ಕೆಂಪು ಮತ್ತೆ ಹಳದಿಗೆ ಇಳಿಯುತ್ತದೆ.

ಹಿಂದೊಮ್ಮೆ ಜಾತ್ರೆಯಲ್ಲಿ ಒಬ್ಬಾತ ಹಳದಿ ನೀರನ್ನು ಕೆಂಪು ಮಾಡಿ ‘ಮನೆಗೆ ಮಾಟ ಮಾಡಿಸಿದ್ದಾರೆ’ ಎಂದು ಹೆಂಗಸೊಬ್ಬಳಿಂದ ಹಣ ಕಿತ್ತದ್ದನ್ನು ಕಂಡಿದ್ದೇನೆ. ಬೆರಳ ತುದಿಗೆ ಸುಣ್ಣ ಸವರಿಕೊಂಡವನಿಗೆ ಯಾವ ಮಂತ್ರ ಬೇಕು! ಆ ನೀರು ಯಾರ ಮನೆಯದಾದರೂ ಕೆಂಪಾಗುತ್ತದೆ. ಒಂದು ಚಿಟಿಕೆ ಅರಿಶಿನ ಕೊಟ್ಟು ನಿಮ್ಮ ಮಕ್ಕಳ ಕೈಯಲ್ಲೇ ಮಾಡಿಸಿ.

ಇನ್ನು ಹೆಸರಿನ ವಿಷಯ. 1892ರಲ್ಲಿ ಜಿನೀವಾದಲ್ಲಿ ರಸಾಯನಶಾಸ್ತ್ರಜ್ಞರು ಸೇರಿ, ಸಾವಯವ ವಸ್ತುಗಳಿಗೆ ಕ್ರಮಬದ್ಧವಾಗಿ ಹೆಸರಿಡುವ ನಿಯಮಗಳನ್ನು ಹಾಕಿಕೊಟ್ಟರು. ಇಂದಿನ ನಿಯಮಗಳಲ್ಲಿ ಗುಂಪುಗಳಿಗೆ ಪಂಕ್ತಿಭೇದವಿದೆ: ಹಿರಿಯ ಗುಂಪಿಗೆ ಹೆಸರಿನ ಕೊನೆ, ಕಿರಿಯರು ಮುಂದೆ ವಿಶೇಷಣವಾಗಿ ನಿಲ್ಲಬೇಕು. ಕರ್ಕ್ಯುಮಿನ್ನಿನ ಉದ್ದುದ್ದ ಹೆಸರು ‘ಹೆಪ್ಟಾ-1,6-ಡೈಈನ್-3,5-ಡೈಓನ್’ ಎಂದು ಮುಗಿಯುತ್ತದೆ. ಏಳು ಕಾರ್ಬನ್, ಎರಡು ಜೋಡಿಬಂಧ, ಎರಡು ಕೀಟೋನ್. ಕೀಟೋನ್ ಹಿರಿಯ, ಇಷ್ಟೆಲ್ಲ ಕೆಂಪು ಮಾಡಿದ ಓಎಚ್ ಬರೀ ‘ಹೈಡ್ರಾಕ್ಸಿ’ ಆಗಿ ಮುಂದೆ ನಿಂತಿದೆ. ಅನ್ಯಾಯವೇ ಸರಿ.

ಆದರೆ ಅಜ್ಜಿಗೆ ಒಂದು ಮಾತು ಹೇಳದೆ ಮುಗಿಸಲಾರೆ. ಅರಿಶಿನದ ಆ ಫೀನಾಲ್ ಉಂಗುರವೇ ಲವಂಗದ ಯೂಜಿನಾಲ್‌ನಲ್ಲಿ, ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ನಲ್ಲಿ, ಹಸಿ ಶುಂಠಿಯ ಜಿಂಜರಾಲ್‌ನಲ್ಲೂ ಇದೆ. ಜಿಂಜರಾಲ್ ವಿಶೇಷವೆಂದರೆ, ಅದರ ಬಾಲದಲ್ಲಿ ಇನ್ನೊಂದು ಓಎಚ್ ಇದೆ. ಉಂಗುರಕ್ಕೆ ಅಂಟದ, ಅಪ್ಪಟ ಆಲ್ಕೋಹಾಲ್ ಗುಂಪು! ನಶೆ ಬರಿಸುವುದಲ್ಲ, ಬಿಡಿ. ಶುಂಠಿ ಒಣಗುವಾಗ ಫೀನಾಲ್ ಅಲುಗಾಡದು. ಬಾಲದ ಓಎಚ್ ಮಾತ್ರ ಪಕ್ಕದ ಒಂದು ಹೈಡ್ರೋಜನ್ನನ್ನು ಎಳೆದುಕೊಂಡು ನೀರಾಗಿ ಹೊರಟುಹೋಗುತ್ತದೆ. ಉಳಿಯುವುದು ಶೋಗಾಲ್, ಜಿಂಜರಾಲ್‌ಗಿಂತ ಖಾರ. ಕಷಾಯಕ್ಕೆ ಒಣಶುಂಠಿ ಹಾಕಿದಾಗ ಗಂಟಲು ಚುರ್ರೆನ್ನುವುದು ಅದರಿಂದಲೇ.