ಶಾಲೆ ಬಿಡಿಸುವುದೇ ಬೇರೆ, ಮನೆಯಲ್ಲಿ ಕಲಿಸುವುದೇ ಬೇರೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಿರುವ ಕೆಲವು ಮನೆಯವರು ನಾವು. ಮಂಗಳೂರು, ಉಳ್ಳಾಲ, ಬಂಟ್ವಾಳದ ಸುತ್ತಮುತ್ತ ಇದ್ದೇವೆ. ಸಂಘ, ಬ್ಯಾನರು, ಅಧ್ಯಕ್ಷರು ಅಂತ ಎಂಥದ್ದೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ, ಮದ್ರಸಕ್ಕೆ ರಜೆ ಇರುವ ದಿನ, ಅಸರ್ ಕಳೆದ ಮೇಲೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಮಕ್ಕಳು ಅಂಗಳದಲ್ಲಿ ಆಡುತ್ತಾರೆ, ನಾವು ಒಳಗೆ ಕೂತು ಪುಸ್ತಕ ಬದಲಾಯಿಸಿಕೊಳ್ಳುತ್ತೇವೆ, ಕಷ್ಟ ಸುಖ ಹೇಳಿಕೊಳ್ಳುತ್ತೇವೆ.

ಮದುವೆಮನೆಯಲ್ಲೋ ಬಸ್ಸಿನಲ್ಲೋ ಗೊತ್ತಿದ್ದವರು ಸಿಕ್ಕಿದರೆ ಮೊದಲು ಕೇಳುವುದು, "ಶಾಲೆಗೆ ಹಾಕದಿದ್ರೆ ಕೇಸ್ ಆಗುದಿಲ್ವಾ?" ಎರಡನೆಯದು, "ಹತ್ತನೇ ಕ್ಲಾಸ್ ಪರೀಕ್ಷೆ ಎಲ್ಲಿ ಬರಿಯುದು?" ಮೂರನೆಯದನ್ನು ಮಾತ್ರ ಬದಿಗೆ ಕರೆದು, ಸ್ವರ ತಗ್ಗಿಸಿ ಕೇಳುತ್ತಾರೆ: "ಮಗಳಿಗೆ ಹನ್ನೆರಡಾಯ್ತು. ಶಾಲೆ ಸಾಕು ಅಂತ ಮನೆಯಲ್ಲಿ ಹೇಳ್ತಾರೆ. ನಿಮ್ಮ ಹಾಗೆ ನಾವೂ ಮನೆಯಲ್ಲೇ ಇಟ್ಕೊಂಡ್ರೆ ಆಗುತ್ತಾ?" ಈ ಮೂರನೆಯ ಪ್ರಶ್ನೆಯಿಂದಾಗಿಯೇ ಇದನ್ನು ಬರೆಯಬೇಕಾಯಿತು. ಮೊದಲಿನ ಎರಡಕ್ಕೆ ಉತ್ತರ ಕೊಡದೆ ಅಲ್ಲಿಗೆ ಹೋಗಲು ಆಗುವುದಿಲ್ಲ.

ಯಾಕೆ ಮನೆಯಲ್ಲಿ ಅಂದರೆ ಒಂದೊಂದು ಮನೆಗೆ ಒಂದೊಂದು ಕಾರಣ. ಗಲ್ಫಿನಲ್ಲಿ ಕೆಲಸ ಹೋಗಿ ವರ್ಷದ ನಡುವೆ ಊರಿಗೆ ಬಂದವರಿದ್ದಾರೆ; ಅಲ್ಲಿ ಕನ್ನಡವೇ ಓದದ ಮಗುವನ್ನು ಇಲ್ಲಿ ಒಮ್ಮೆಲೇ ಆರನೇ ಕ್ಲಾಸಿಗೆ ಕೂರಿಸಿದರೆ ಅದು ಬಾಯಿ ಬಿಡುವುದಿಲ್ಲ. ಅಕ್ಷರ ತಡವಾಗಿ ಹಿಡಿಯುವ ಮಕ್ಕಳಿದ್ದಾರೆ, ಕಾಯಿಲೆಯ ಮಕ್ಕಳಿದ್ದಾರೆ. ಕೊರೋನಾದ ಎರಡು ವರ್ಷ ಮನೆಯಲ್ಲಿ ಕಲಿತದ್ದೇ ಒಗ್ಗಿಹೋಯಿತು ಎನ್ನುವವರೂ ಇದ್ದಾರೆ. ಹೆಚ್ಚಿನವರು ಹಿಫ್ಝ್ ಮಾಡುವ ಹುಡುಗರ ತಂದೆ ತಾಯಿ. ಹತ್ತು ಹನ್ನೊಂದು ವರ್ಷಕ್ಕೆ ಹಿಫ್ಝಿಗೆ ಸೇರಿದ ಹುಡುಗ ಮುಗಿಸಿ ಬರುವಾಗ ಹದಿಮೂರು ಹದಿನಾಲ್ಕು. ಕುರ್‌ಆನ್ ಬಾಯಿಪಾಠ ಇದೆ, ಭಾಗಾಕಾರ ಮಾತ್ರ ಐದನೇ ಕ್ಲಾಸಿನಲ್ಲೇ ನಿಂತಿದೆ. ಆ ಮೂರು ವರ್ಷ ದಿನಕ್ಕೆ ಒಂದು ಗಂಟೆ ಕನ್ನಡ, ಒಂದು ಗಂಟೆ ಲೆಕ್ಕ ಬಿಡದೆ ನಡೆಸಿದ ಮನೆಗಳಲ್ಲಿ ಈ ತೊಂದರೆ ಬಂದಿಲ್ಲ. ಅಷ್ಟು ದೊಡ್ಡ ಕಿತಾಬನ್ನು ನೆನಪಿನಲ್ಲಿಟ್ಟುಕೊಳ್ಳುವ ಹುಡುಗನಿಗೆ ಮಗ್ಗಿ ಏನು ಮಹಾ ಭಾರ!

ಹಿಜಾಬ್ ವಿಷಯದಲ್ಲಿ ಕಾಲೇಜು ತಪ್ಪಿದ ಹುಡುಗಿಯರ ಬಗ್ಗೆಯೂ ಕೇಳುತ್ತಾರೆ. 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಮಕ್ಕಳು ಪಿಯು ವಯಸ್ಸಿನವರು. ಅವರದ್ದು ಮನೆಶಾಲೆಯ ಪ್ರಶ್ನೆ ಅಲ್ಲ, ಓದು ಮುಂದುವರಿಸುವ ಪ್ರಶ್ನೆ. ಅವರಿಗೂ ಮುಕ್ತ ಶಾಲೆಯ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇವೆ.

ಇನ್ನು ಕಾನೂನು. ಆರ್‌ಟಿಇ ಅಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ. ಅದರ 10ನೇ ಕಲಂ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ. ಸೇರಿಸದ ತಂದೆ ತಾಯಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಾಗಲೀ ದಂಡವಾಗಲೀ ಬರೆದಿಲ್ಲ. ಮನೆಯಲ್ಲಿ ಕಲಿಸಬಹುದು ಎಂದೂ ಬರೆದಿಲ್ಲ, ಕಲಿಸಬಾರದು ಎಂದೂ ಬರೆದಿಲ್ಲ. ಮನೆಯಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ದೆಹಲಿ ಹೈಕೋರ್ಟಿಗೆ ಹೋದಾಗ, ಸ್ವ ಇಚ್ಛೆಯಿಂದ ಮನೆಯಲ್ಲಿ ಕಲಿಸುವ ಪೋಷಕರಿಗೆ ಈ ಕಾಯ್ದೆ ಅಡ್ಡ ಬರುವುದಿಲ್ಲ ಎಂದು 2012ರಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ಹೇಳಿಕೆ ಬಂದಿತ್ತು. ಕೆಲವರು ಇದನ್ನೇ ಪರ್ಮಿಶನ್ ಎಂದು ಹೇಳಿಕೊಂಡು ತಿರುಗುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ಕೋರ್ಟಿನಲ್ಲಿ ಕೊಟ್ಟ ಹೇಳಿಕೆ ಕಾಯ್ದೆ ಆಗುವುದಿಲ್ಲ. ನಮ್ಮ ರಾಜ್ಯದಲ್ಲಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೂ ಇದೆ, ಅದರಲ್ಲಿ ಕಡ್ಡಾಯ ಹಾಜರಾತಿಯ ಬಗ್ಗೆ ಬೇರೆಯೇ ಕಲಂಗಳಿವೆ. ಶುರು ಮಾಡುವ ಮುಂಚೆ ಗೊತ್ತಿರುವ ವಕೀಲರೊಬ್ಬರಿಗೆ ಇವೆರಡನ್ನೂ ತೋರಿಸಿ ಮಾತಾಡಿ. ನಾವು ವಕೀಲರಲ್ಲ.

ನಿಜವಾಗಿ ಬಾಗಿಲಿಗೆ ಬರುವುದು ಪೊಲೀಸರಲ್ಲ, ಹಳೆಯ ಶಾಲೆಯ ಟೀಚರು, ಇಲ್ಲವೇ ಸಿಆರ್‌ಪಿ. ಮಗುವಿನ ಹೆಸರು ಸ್ಯಾಟ್ಸ್ ನಂಬರಿನೊಂದಿಗೆ ಶಾಲೆಯ ದಾಖಲೆಯಲ್ಲಿರುತ್ತದೆ. ಟಿಸಿ ತೆಗೆದ ಮೇಲೆ ಬೇರೆಲ್ಲೂ ಸೇರ್ಪಡೆ ಕಾಣದಿದ್ದರೆ 'ಶಾಲೆಯಿಂದ ಹೊರಗುಳಿದ ಮಗು' ಎಂದು ಹುಡುಕಿಕೊಂಡು ಬರುತ್ತಾರೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು; ಆ ಮೇಲೆ ಹುಡುಕುವುದು ಜೋರಾಗಿದೆ. ಅವರ ಮೇಲೆ ಸಿಟ್ಟು ಮಾಡಬೇಡಿ. ಅವರು ಬರುತ್ತಾರೆಂದೇ ಎಷ್ಟೋ ಮಕ್ಕಳು ಕೂಲಿಗೆ ಹೋಗದೆ ಉಳಿದಿದ್ದಾರೆ. ಕುರ್ಚಿ ಕೊಟ್ಟು, ಚಾ ಕೊಟ್ಟು, ಫೈಲ್ ತೋರಿಸಿ. ನಮ್ಮ ಪ್ರತಿ ಮನೆಯಲ್ಲೂ ಒಂದು ಫೈಲ್ ಇದೆ: ಜನನ ಪ್ರಮಾಣಪತ್ರ, ಆಧಾರ್, ಹಳೆಯ ಮಾರ್ಕ್ಸ್ ಕಾರ್ಡ್, ಟಿಸಿ, ಲಸಿಕೆ ಕಾರ್ಡ್, ತಿಂಗಳಿಗೊಂದರಂತೆ ಮಗುವಿನ ನೋಟ್‌ಬುಕ್. ಒಂದು ಮನೆಗೆ ಬಂದ ಟೀಚರು ಹುಡುಗಿಯ ಪ್ರಬಂಧದ ಪುಸ್ತಕ ಪುಟ ಪುಟ ತಿರುವಿ, ಎರಡು ಕಡೆ ಒತ್ತಕ್ಷರ ತಿದ್ದಿ ಕೊಟ್ಟು ಹೋದರು. ಈಗ ಆ ಮನೆಯವರು ಸಂಶಯ ಬಂದಾಗ ಅವರಿಗೇ ಫೋನ್ ಮಾಡುವುದು.

ಒಂದು ಕಡೆ ಜಾಗ್ರತೆ ಬೇಕು. ನಾಲ್ಕಾರು ಮನೆಯ ಮಕ್ಕಳನ್ನು ಒಂದೇ ಮನೆಯಲ್ಲೋ ಮದ್ರಸದ ಹಾಲಿನಲ್ಲೋ ಪ್ರತಿದಿನ ಕೂರಿಸಿ, ಸಂಬಳಕ್ಕೆ ಟೀಚರ್ ಇಟ್ಟು, ಫೀಸು ಎತ್ತಿದರೆ ಅದನ್ನು ಮನೆಶಾಲೆ ಎಂದು ಯಾರೂ ಒಪ್ಪಲಿಕ್ಕಿಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಆರ್‌ಟಿಇಯ 18ನೇ ಕಲಂನಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10 ಸಾವಿರ. 2012ರ ತಿದ್ದುಪಡಿಯಲ್ಲಿ ಮದ್ರಸ, ವೇದ ಪಾಠಶಾಲೆಗಳನ್ನು ಕಾಯ್ದೆಯಿಂದ ಹೊರಗಿಟ್ಟದ್ದು ನಿಜ. ಅದು ಧಾರ್ಮಿಕ ಶಿಕ್ಷಣ ಮುಖ್ಯವಾಗಿರುವ ಕಡೆಗೆ ಹೇಳಿದ ಮಾತು. ಅದರ ಹೆಸರಿನಲ್ಲಿ ಸಮಾಜ, ವಿಜ್ಞಾನದ ಕ್ಲಾಸ್ ಇಡೀ ದಿನ ನಡೆಸುವುದು ಬೇರೆ ಸಂಗತಿ. ಅದಕ್ಕೇ ನಾವು ಸೇರುವುದು ಹದಿನೈದು ದಿನಕ್ಕೊಮ್ಮೆ, ಅದೂ ಫೀಸಿಲ್ಲದೆ.

ಪರೀಕ್ಷೆಯ ದಾರಿ ಸಲೀಸು. ಕೇಂದ್ರ ಸರ್ಕಾರದ್ದೇ ಆದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್, 1989ರಿಂದ ಇದೆ. 14 ವರ್ಷ ತುಂಬಿದವರು ಹತ್ತನೇ ಕ್ಲಾಸಿನ ಸಮಾನ ಪರೀಕ್ಷೆಗೆ ಸೇರಬಹುದು, 15 ತುಂಬಿ ಹತ್ತನೆಯದು ಪಾಸಾದವರು ಹನ್ನೆರಡನೆಯದಕ್ಕೆ. ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲದಿದ್ದರೂ ಸ್ವಯಂ ದೃಢೀಕರಣ ಕೊಟ್ಟು ಸೇರಲು ಅವಕಾಶವಿದೆ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ. ಕನ್ನಡ ಇದೆ, ಅರಬಿ ಇದೆ, ಉರ್ದು ಇದೆ. ಹಿಫ್ಝ್ ಮುಗಿಸಿದ ಹುಡುಗರು ಅರಬಿ ತಗೊಂಡರೆ ಒಂದು ವಿಷಯದ ಭಾರ ಇಳಿಯಿತು. ಪಾಸಿಗೆ 33 ಅಂಕ. ವರ್ಷಕ್ಕೆ ಎರಡು ಸಲ ಪರೀಕ್ಷೆ, ನೋಂದಣಿ ಐದು ವರ್ಷ ಊರ್ಜಿತ. ಒಂದೊಂದೇ ವಿಷಯ ಬರೆದು ಮುಗಿಸಿದರೂ ಆಯಿತು. ಡಾಕ್ಟರ್ ಆಗಬೇಕು ಎನ್ನುವ ಮಕ್ಕಳು ಒಮ್ಮೆ ಇಲ್ಲಿ ಸಿಕ್ಕಿಬೀಳುತ್ತಿದ್ದರು; ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಡುವ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕಿತು. ಹಾಗಿದ್ದರೂ ಯಾವ ಕಾಲೇಜಿಗೆ ಹೋಗಬೇಕೆಂದಿದ್ದೀರೋ ಅಲ್ಲಿನ ಆಫೀಸಿಗೆ ಮೊದಲೇ ಹೋಗಿ ಕೇಳುವುದು ಒಳ್ಳೆಯದು. ಕೌಂಟರಿನಲ್ಲಿ ಕೂತವರಿಗೆ ಎನ್‌ಐಒಎಸ್ ಎಂದರೆ ಏನೆಂದು ವಿವರಿಸಲು ಅಡ್ಮಿಶನ್ನಿನ ಕೊನೆಯ ದಿನ ಹೊತ್ತು ಸಾಕಾಗುವುದಿಲ್ಲ.

ದಿನದ ಪಾಠ ಹೇಗೆ ಎಂದು ಕೇಳಿದರೆ, ಹೆಚ್ಚಿನ ಮನೆಗಳಲ್ಲಿ ಉಮ್ಮನೇ ಟೀಚರ್. ಬಾಪ ದಮ್ಮಾಮಿನಲ್ಲೋ ದುಬೈಯಲ್ಲೋ ಇದ್ದರೆ ರಾತ್ರಿ ಫೋನಿನಲ್ಲಿ ಲೆಕ್ಕ ನೋಡುತ್ತಾರೆ. "ನಾನು ಏಳನೇ ಕ್ಲಾಸ್, ನಾನೆಂಥ ಕಲಿಸುದು?" ಎಂದು ಹೆದರಿದ್ದ ಒಬ್ಬರು ಈಗ ಮಗಳ ಜೊತೆ ತಾವೂ ಭಿನ್ನರಾಶಿ ಕಲಿಯುತ್ತಿದ್ದಾರೆ. ಎರಡು ಸೇರು ಅಕ್ಕಿಗೆ ಇಷ್ಟು ಪತ್ತಿರ್ ಆದರೆ ಮುಕ್ಕಾಲು ಸೇರಿಗೆ ಎಷ್ಟು ಎಂಬಲ್ಲಿಂದ ಅವರ ಲೆಕ್ಕ ಶುರು. ಬಂದರದ ದಕ್ಕೆಗೆ ಬೆಳಿಗ್ಗೆ ಕರೆದುಕೊಂಡು ಹೋದರೆ ಬಂಗುಡೆ, ಬೂತಾಯಿಯ ಏಲಂ ನೋಡಿ ಮಕ್ಕಳು ಬಾಯಿಲೆಕ್ಕ ಕಲಿಯುತ್ತಾರೆ. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವ ಅಳಿವೆಯನ್ನು ಬೆಂಗ್ರೆಯಲ್ಲಿ ನಿಂತು ನೋಡಿದ ಮಗುವಿಗೆ ಭೂಗೋಳದ ಆ ಪಾಠ ಮತ್ತೆ ಹೇಳಬೇಕಾಗಿಲ್ಲ. ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯಕ್ಕೆ ಒಟ್ಟಿಗೇ ಹೋಗುತ್ತೇವೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ನಮ್ಮದೇ ಊರಿನಿಂದ ಬಂತೆಂದು ತಿಳಿದ ಮೇಲೆ ಮಕ್ಕಳೇ ಕೈಬರಹದ ಪತ್ರಿಕೆ ಮಾಡಿದರು, ಅದರಲ್ಲಿ ಒಂದು ಪುಟ ಬ್ಯಾರಿ ಭಾಷೆಯಲ್ಲಿ, ಕನ್ನಡ ಅಕ್ಷರದಲ್ಲಿ. ಮನೆಯಲ್ಲಿ ಆಡುವ ಮಾತನ್ನು ಬರೆಯಲೂ ಆಗುತ್ತದೆ ಎಂಬುದೇ ಕೆಲವು ಮಕ್ಕಳಿಗೆ ಹೊಸದು.

ಇದೆಲ್ಲ ಕೇಳಲು ಚಂದ. ಉಮ್ಮನವರ ಸುಸ್ತನ್ನೂ ಹೇಳಬೇಕು. ಅಡುಗೆ, ಅತ್ತೆ ಮಾವನ ಔಷಧಿ, ಸಣ್ಣ ಮಗು, ಅದರ ನಡುವೆ ಪಾಠ. ಮಧ್ಯಾಹ್ನ ನೆಂಟರು ಬಂದರೆ ಪಾಠ ಅಲ್ಲಿಗೆ ನಿಂತಿತು. ಶಾಲೆಗೆ ಹೋಗಿದ್ದರೆ ನಾಲ್ಕು ಗಂಟೆವರೆಗೆ ಮನೆಯಾದರೂ ಶಾಂತವಾಗಿರುತ್ತಿತ್ತು ಮಾರಾಯ್ರೆ ಎಂದು ನಾವೆಲ್ಲರೂ ಒಮ್ಮೆಯಾದರೂ ಅಂದುಕೊಂಡಿದ್ದೇವೆ. ಗಂಡಸರು ಪೂರಾ ಹೆಂಗಸರ ತಲೆಗೆ ಬಿಟ್ಟ ಮನೆಗಳಲ್ಲಿ ಇದು ಆರು ತಿಂಗಳೂ ನಡೆಯುವುದಿಲ್ಲ.

ಈಗ ಆ ಮೂರನೆಯ ಪ್ರಶ್ನೆ. ಹನ್ನೆರಡು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ, ಪಾತ್ರೆ ತೊಳೆಸಿ, ತಮ್ಮನನ್ನು ನೋಡಿಕೊಳ್ಳಲು ಹಚ್ಚಿ, ಯಾರಾದರೂ ಕೇಳಿದರೆ "ಮನೆಯಲ್ಲೇ ಕಲಿಸ್ತೇವೆ" ಎಂದರೆ ಅದು ಕಲಿಸುವುದಲ್ಲ. ಹುಡುಗರ ಕತೆಯೂ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಪನ ಅಂಗಡಿಯ ಗಲ್ಲೆಯಲ್ಲಿ ಕೂತಿರುವ ಹನ್ನೆರಡರ ಹುಡುಗ ಮನೆಶಾಲೆಯ ವಿದ್ಯಾರ್ಥಿಯಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಸ್ವಂತ ಮನೆಯ ಕಸುಬಿಗೆ ಮಕ್ಕಳು ನೆರವಾಗಲು ಬಿಟ್ಟಿರುವುದು ಶಾಲೆಯ ಹೊತ್ತು ಕಳೆದ ಮೇಲೆ ಅಥವಾ ರಜೆಯಲ್ಲಿ ಮಾತ್ರ.

ನಮ್ಮ ಜೊತೆ ಸೇರಬೇಕೆಂದು ಬರುವ ಮನೆಯವರ ಹತ್ತಿರ ನಾವು ಸಿಲೆಬಸ್ ಕೇಳುವುದಿಲ್ಲ. ಮಗು ಓದಲು ಕೂರುವ ಹೊತ್ತು ಯಾವುದು, ಆ ಹೊತ್ತಿನಲ್ಲಿ ಅದಕ್ಕೆ ಬೇರೆ ಕೆಲಸ ಹೇಳುವವರು ಯಾರು ಎಂದು ಕೇಳುತ್ತೇವೆ. ಹತ್ತನೆಯದ್ದು ಯಾವ ವರ್ಷ ಬರೆಸುತ್ತೀರಿ ಎಂದು ಕೇಳುತ್ತೇವೆ. ಮತ್ತೆ ಮಗುವನ್ನೇ ಕರೆದು, ದೊಡ್ಡವರು ಇಲ್ಲದಾಗ, ನಿನಗೆ ಶಾಲೆ ಬೇಕಾ ಎಂದು ಕೇಳುತ್ತೇವೆ. ಒಂದು ಮನೆಯ ಹುಡುಗಿ "ಬೇಕು" ಎಂದಳು. ಅಂಗಳದಲ್ಲಿ ಆಡಲಿಕ್ಕೂ ಹೋಗಿರಲಿಲ್ಲ ಅವಳು, ನಮ್ಮ ಪುಸ್ತಕದ ಕಟ್ಟಿನ ಹತ್ತಿರವೇ ಕೂತಿದ್ದಳು. ಆ ತಂದೆ ತಾಯಿಗೆ ನಾವು, ಇವಳನ್ನು ಶಾಲೆಗೆ ಹಾಕಿ, ಶುಕ್ರವಾರ ಪುಸ್ತಕಕ್ಕೆ ಬೇಕಾದರೆ ಬರಲಿ ಎಂದೆವು. ಅವಳ ಬಾಪನಿಗೆ ಬೇಸರವಾಯಿತು. "ನೀವು ಮಾಡಿದ್ರೆ ಸರಿ, ನಾವು ಮಾಡಿದ್ರೆ ತಪ್ಪಾ?" ಎಂದು ಎದ್ದು ಹೋದರು. ಆ ಮೇಲೆ ಉಸ್ತಾದರೊಬ್ಬರು ನಡುವೆ ಮಾತಾಡಿ, ಹುಡುಗಿ ಈಗ ಏಳನೇ ಕ್ಲಾಸಿನಲ್ಲಿದ್ದಾಳೆ. ಅವರ ಮನೆಯಿಂದ ಸಲಾಂ ಬರುತ್ತದೆ, ಮಾತು ಮೊದಲಿನಷ್ಟು ಇಲ್ಲ.

ಶಾಲೆಗೆ ವಾಪಸು ಹೋಗಬೇಕೆಂದಾಗ ಬಾಗಿಲು ಮುಚ್ಚಿರುವುದಿಲ್ಲ ಎಂಬುದನ್ನು ತುಂಬಾ ಜನರಿಗೆ ಯಾರೂ ಹೇಳಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಅದರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ಆರ್‌ಟಿಇಯ 4ನೇ ಕಲಂ ಹೇಳುತ್ತದೆ. ಜೂನ್ ಕಳೆಯಿತು ಎಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ವಾಪಸು ಕಳುಹಿಸುವಂತಿಲ್ಲ. ನಮ್ಮಲ್ಲೇ ಎರಡು ಮಕ್ಕಳು ಹೀಗೆ ಮರಳಿ ಸೇರಿದ್ದಾರೆ. ಒಬ್ಬನಿಗೆ ಕ್ರಿಕೆಟ್ ಟೀಮ್ ಬೇಕಿತ್ತು, ಅಷ್ಟೇ ಕಾರಣ. ಸಾಕಾಗುವ ಕಾರಣವೇ.

ಬರುವ ಸಲ ಸೇರುವಾಗ ವಿಜ್ಞಾನದ ಪ್ರಾಕ್ಟಿಕಲ್ ಬಗ್ಗೆ ಮಾತಾಡುವುದಿದೆ. ಹತ್ತನೆಯದ್ದು ಬರೆಯುವ ಇಬ್ಬರಿಗೆ ಲ್ಯಾಬ್ ಬೇಕು, ಮನೆಯಲ್ಲಿ ಆಸಿಡ್ ಬಾಟಲಿ ಇಡಲು ಯಾವ ಉಮ್ಮನೂ ಒಪ್ಪುತ್ತಿಲ್ಲ. ಗೊತ್ತಿರುವ ವಿಜ್ಞಾನದ ಟೀಚರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಬನ್ನಿ. ಮಗುವನ್ನೂ ಕರೆದುಕೊಂಡೇ ಬನ್ನಿ.